ಆ ಪೆಟ್ಟಿಗೆಗೆ ಇಲ್ಲಿ ಯಾಕೆ ಇಷ್ಟು ರೇಟು?

ಮುಳ್ಳೇರಿಯದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟು, ಅದರ ಗಾಜಿನ ಕಪಾಟಿನಲ್ಲಿ ಯಾರೂ ಕೊಳ್ಳದಷ್ಟು ದುಬಾರಿ ವೀಡಿಯೋ ಗೇಮ್ ಪೆಟ್ಟಿಗೆಯೊಂದನ್ನು ಕೂರಿಸಿದರೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾನು ಒಂಟಿ ಆಸಾಮಿ. ಮನೆಯಲ್ಲಿ ಸ್ವರ ಎತ್ತುವುದು ಮಿಕ್ಸಿ ಒಂದೇ. ಇಲ್ಲಿ ಹಾಗಲ್ಲ. ಪೆಟ್ಟಿಗೆ ನೋಡಿ ಜನ ಒಳಗೆ ಬರುತ್ತಾರೆ, ಬೆಲೆ ಕೇಳಿ ಬೆಚ್ಚುತ್ತಾರೆ, ಜಗಳಕ್ಕೆ ಕೂರುತ್ತಾರೆ. ನನಗೆ ಅಷ್ಟು ಸಾಕು.

ಒಂದು

ಅಡಿಕೆ ವ್ಯಾಪಾರಿಯೊಬ್ಬರು ಬಂದರು. "ಎಂತ ಮಾರಾಯ, ದುಬೈಯಲ್ಲಿ ಇದಕ್ಕೆ ಇಷ್ಟಿಲ್ಲ!"

"ಕಸ್ಟಮ್ಸು, ತೆರಿಗೆ, ಡೀಲರನ ಲಾಭ, ಎಲ್ಲ ಸೇರಿ ಇಲ್ಲಿಗೆ ಮುಟ್ಟುವಾಗ ಏರ್ತದೆ," ಎಂದೆ.

ನಂಬಲಿಲ್ಲ. ದುಬೈಯಲ್ಲಿರುವ ಭಾವನಿಗೆ ಅಲ್ಲಿಂದಲೇ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟರು. ಭಾವ ನನ್ನನ್ನು ಬಿಡಲೇ ಇಲ್ಲ. "ಅಲ್ಲಿ ಮಳೆ ಉಂಟಾ? ಬಸ್‌ಸ್ಟ್ಯಾಂಡಿನ ಹೋಟೆಲಲ್ಲಿ ಗೋಳಿಬಜೆ ಈಗ್ಲೂ ಮಾಡ್ತಾರಾ?" ಬೆಲೆಯ ಸುದ್ದಿ ಬರುವ ಮೊದಲೇ ಫೋನಿನ ಕರೆನ್ಸಿ ಮುಗಿಯಿತು.

ಅವತ್ತು ನನಗಾದ ವ್ಯಾಪಾರ, ಅವರ ರೀಚಾರ್ಜ್ ಒಂದೇ.

ಎರಡು

ಕಸ್ಟಮ್ಸಿನ ಪುರಾಣ ಹೇಳಿ ಹೇಳಿ ನನಗೇ ಬೇಜಾರು ಬಂತು. ರಿಟೈರಾದ ಮಾಷ್ಟ್ರೊಬ್ಬರು ಕೇಳಿದಾಗ ಹೊಸದೊಂದು ಬಿಟ್ಟೆ.

"ಗೇಮಿನ ಒಳಗೆ ಗುಡ್ಡ ಉಂಟು ಮಾಷ್ಟ್ರೇ. ದುಬೈ ಮರಳಿನ ಊರು, ಅಲ್ಲಿಗೆ ಗುಡ್ಡ ಇಲ್ಲದ್ದು ಹೋಗ್ತದೆ, ಅಗ್ಗ. ನಮ್ಮದು ಗುಡ್ಡದ ಊರಲ್ವಾ, ತುಂಬಿಸಿ ಕಳಿಸ್ತಾರೆ."

ಮಾಷ್ಟ್ರು ಗಂಭೀರವಾಗಿ ತಲೆಯಾಡಿಸಿ ಹೋದರು. ಮರುದಿನ ಪುನಃ ಹಾಜರು. "ಮೊಮ್ಮಗನಿಗೆ ಬೇಕಿತ್ತು. ಒಂದೇ ಗುಡ್ಡದ್ದು ಉಂಟಾ?"

ತಾನು ಹಾಗೆ ಕೇಳಲೇ ಇಲ್ಲ ಎನ್ನುತ್ತಾರೆ ಈಗ. ನೀವು ನಂಬಬೇಡಿ.

ಮೂರು

ರಬ್ಬರ್ ತೋಟದ ಸಾಹುಕಾರರೊಬ್ಬರು ಬಂದರು. ಬೆಲೆ ಕೇಳಿದರು. ಬೆಚ್ಚಲಿಲ್ಲ. "ಪ್ಯಾಕ್ ಮಾಡಿ," ಎಂದರು.

ಪೆಟ್ಟಿಗೆ ಹೋದರೆ ನಾಳೆಯಿಂದ ಒಳಗೆ ಕಾಲಿಡುವವರು ಯಾರು?

"ದುಬೈಯಲ್ಲಿ ಅಗ್ಗ," ಎಂದೆ.

"ಗೊತ್ತುಂಟು. ಹೋಗಿ ಬರುವ ಖರ್ಚು ನೀವು ಕೊಡ್ತೀರಾ?"

"ಇದಕ್ಕೆ ಇವತ್ತೇ ರೇಟು ಏರಿದೆ."

"ಏರಲಿ."

"ಅಲ್ಲ ಸ್ವಾಮೀ, ಯಾಕೆ ಇಷ್ಟು ದುಬಾರಿ ಅಂತಾದ್ರೂ ಕೇಳಿ!"

"ಸರಿ, ಯಾಕೆ?"

ತಟ್ಟನೆ ಉಪಾಯ ಹೊಳೆಯಿತು. "ದುಬೈಯಲ್ಲಿ ಪೆಟ್ಟಿಗೆ ಮಾತ್ರ ಕೊಡ್ತಾರೆ. ಇದು ಇಬ್ಬರು ಆಡುವಂಥದ್ದು. ಇಲ್ಲಿ ಎದುರು ಆಡ್ಲಿಕ್ಕೆ ಜನವೂ ಸಿಗ್ತದೆ. ನಾನೇ. ಪ್ರತಿ ಆದಿತ್ಯವಾರ ಮನೆಗೇ ಬರ್ತೇನೆ, ಒಂದು ಚಾ ಕೊಟ್ರೆ ಸಾಕು. ಎಲ್ಲ ಸೇರಿ ಈ ರೇಟು."

ಸಾಹುಕಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.

"ಆ ಜನವನ್ನು ಬಿಟ್ಟು ಎಷ್ಟಾಗ್ತದೆ?"