ಒರಗುಬೆಂಚಿನ ಹಬೆಪರೀಕ್ಷೆ

ಅಂಗಡಿಯವರು ಮರ ಎಂದು ಮಾರುವ ಸಾಮಾನಿನಲ್ಲಿ ಬಹುಪಾಲು ಮರವಲ್ಲ. ಮರದ ಪುಡಿಯನ್ನು ಅಂಟಿನಲ್ಲಿ ಕಲಸಿ, ಹಪ್ಪಳದ ಹಾಗೆ ಒತ್ತಿ, ಮೇಲೆ ಮರದ ಫೋಟೋ ಅಂಟಿಸಿರುತ್ತಾರೆ. ಹೌದು, ಫೋಟೋ. ನೀವು ದಿನಾ ಊಟ ಮಾಡುವುದು ಒಂದು ಛಾಯಾಚಿತ್ರದ ಮೇಲೆ. ಇದು ನಿಮಗೆ ಗೊತ್ತಿರಬೇಕಿತ್ತು. ಗೊತ್ತಿದ್ದೂ ಸುಮ್ಮನೆ ಕೂತಿದ್ದೀರಿ, ಅದೂ ಅಂಥದ್ದೇ ಕುರ್ಚಿಯ ಮೇಲೆ, ಎನ್ನುವುದೇ ನನ್ನ ತಕರಾರು.

ಈ ತಕರಾರನ್ನು ನಮ್ಮೂರಿನ ವಾರಪತ್ರಿಕೆಯಲ್ಲಿ ಬಹಳ ಕಾಲದಿಂದ ಬರೆಯುತ್ತ ಬಂದಿದ್ದೇನೆ. (ಸಂಪಾದಕರು ಆಗಾಗ ‘ಆಲ್ಬನ್, ಒಂದು ವಾರ ಹವಾಮಾನದ ಬಗ್ಗೆ ಬರೀರಿ’ ಎನ್ನುತ್ತಾರೆ. ಬರೆದೆ. ತೇವಕ್ಕೆ ಅಂಗಡಿ ಬೀರುಗಳು ಹೇಗೆ ಉಬ್ಬುತ್ತವೆ ಎಂದು ಬರೆದೆ.) ನಾನು ಬಸ್ಸು ಓಡಿಸಿಕೊಂಡಿದ್ದವನು, ನನಗೆ ಮರದ ಪಾಠ ಹೇಳಿದ್ದು ಕಾಲೇಜಲ್ಲ, ಈ ಕಾಟ್ಸ್‌ವೋಲ್ಡ್ ಗುಡ್ಡಗಳು. ನೂರು ವರ್ಷಕ್ಕೂ ಹಿಂದೆ, ಲಂಡನ್ನಿನ ಹೊಗೆಗೂ ಕಾರ್ಖಾನೆಯ ಕಳಪೆ ಮಾಲಿಗೂ ರೋಸಿಹೋದ ಕೆಲವು ಮಹನೀಯರು ಇಲ್ಲಿಗೆ ಬಂದು ಉಳಿ ಹಿಡಿದರು. ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಎಂದು ಹೆಸರಾದ ಆ ಚಳವಳಿಯವರು ಓಕ್ ಮರವನ್ನು ಓಕ್ ಮರವಾಗಿಯೇ ಇರಲು ಬಿಟ್ಟರು. ಹಲಗೆಗೆ ಹಲಗೆ ಸೇರುವ ಕಚ್ಚು ಕಾಣಲಿ, ಮರದ ಮೊಳೆ ಕಾಣಲಿ, ತಾಮ್ರದ ತಟ್ಟೆಯ ಮೇಲೆ ಸುತ್ತಿಗೆಯ ಪೆಟ್ಟು ಕಾಣಲಿ, ಮುಚ್ಚುಮರೆ ಏನೂ ಬೇಡ ಎಂದರು. ಇಂಥ ಸತ್ಯವಂತ ಸಾಮಾನನ್ನು ಕೂಡಿಹಾಕುವುದೇ ನನ್ನ ಜೀವನದ ಪರಮೋದ್ದೇಶ.

ನನ್ನ ಸಂಗ್ರಹದ ಚಕ್ರವರ್ತಿ ಒಂದು ಒರಗುಬೆಂಚು. ಆಳೆತ್ತರದ ಬೆನ್ನು, ಎರಡೂ ಕಡೆ ಕೈ, ಬೆಂಕಿಗೂಡಿನ ಪಕ್ಕ ಗೋಡೆಯಷ್ಟು ಅಗಲ. ಅದರ ಮೇಲೆ ಕೂತವರ ಬೆನ್ನುಮೂಳೆ ಚರ್ಚಿನ ಗೋಪುರದ ಹಾಗೆ ನೆಟ್ಟಗಾಗುತ್ತದೆ. ಕೂತವರು ಹೆಚ್ಚು ಹೊತ್ತು ಕೂರುವುದಿಲ್ಲ ಎಂಬುದು ನಿಜ. ಆದರೆ ಸತ್ಯದ ಜೊತೆ ಯಾರು ತಾನೇ ಹೆಚ್ಚು ಹೊತ್ತು ಕೂತಿದ್ದಾರೆ?

ಈ ಸಾಮ್ರಾಜ್ಯಕ್ಕೆ ಒಂದು ಕಳಂಕವಿತ್ತು: ನನ್ನ ಹೆಂಡತಿ ವಿನಿಯ ಕುರ್ಚಿ. ಎರಡನೇ ಮಹಾಯುದ್ಧದಲ್ಲಿ ಕವೆಂಟ್ರಿ ನಗರದ ಮನೆ ಬಾಂಬಿಗೆ ಹೋದಾಗ ಅವಳ ಅಜ್ಜಿಗೆ ಸರ್ಕಾರದ ಕೂಪನ್ ಮೇಲೆ ಸಿಕ್ಕ ಕುರ್ಚಿ ಅದು. ಯಂತ್ರದಲ್ಲಿ ಕೊಯ್ದದ್ದು, ಸಾವಿರಾರು ಒಂದೇ ಅಚ್ಚಿನವು. ಅಜ್ಜಿ, ಅಮ್ಮ, ವಿನಿ, ಮೂರು ತಲೆಮಾರು ಒಗೆಯುವ ಸೋಡಾ ಬೆರೆಸಿದ ನೀರಿನಲ್ಲಿ ಉಜ್ಜಿ ಉಜ್ಜಿ ಅದರ ಪಾಲಿಶ್ ಎಲ್ಲ ಹೋಗಿ ಒಣಗಿದ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಮೇಲೆ ಕಿತ್ತಳೆ ಬಣ್ಣದ ನೈಲಾನ್ ದಿಂಬು. ಬೇಕರಿಯ ಕೌಂಟರಿನ ಹಿಂದೆ ನಿಂತೂ ನಿಂತೂ ಸೊಂಟ ಹಿಡಿದುಕೊಂಡ ವಿನಿಗೆ ಕೂರಲು ಆಗುತ್ತಿದ್ದುದು ಅದೊಂದರಲ್ಲೇ.

ನಮ್ಮೂರಿನಲ್ಲಿ ಬೇಸಿಗೆಯ ಒಂದು ಭಾನುವಾರ, ಹಳೆಯ ಸಾಮಾನು ಇರುವವರು ಮನೆಯ ಬಾಗಿಲು ತೆರೆದಿಡುತ್ತಾರೆ. ಜನ ಬಂದು ನೋಡಿ, ಟೀ ಕುಡಿದು, ಚರ್ಚಿನ ಸೋರುವ ಮಾಡಿಗೆ ಕಾಣಿಕೆ ಹಾಕಿ ಹೋಗುತ್ತಾರೆ. ಈ ವರ್ಷ ಕೊನೆಗೂ ನಮ್ಮ ಮನೆಗೆ ಆಹ್ವಾನ ಬಂತು. ಬಂದ ಗಳಿಗೆಯಲ್ಲೇ ನಾನು ಕೂಪನ್ ಕುರ್ಚಿಯನ್ನು ಎತ್ತಿದೆ.

“ಅದನ್ನ ಎಲ್ಲಿಗೆ ಹೊತ್ಕೊಂಡು ಹೊರಟೆ?” ಎಂದಳು ವಿನಿ.

“ಶೆಡ್ಡಿಗೆ. ಭಾನುವಾರ ಜನ ಬರ್ತಾರೆ.”

“ಬರಲಿ. ಅಲ್ಲಿ ತನಕ ನಾನೆಲ್ಲಿ ಕೂತ್ಕೊಳ್ಳಲಿ?”

“ಇಷ್ಟು ದೊಡ್ಡ ಒರಗುಬೆಂಚು ಇದೆಯಲ್ಲ?”

“ಅದರ ಮೇಲೆ ಕೂತ್ರೆ ನನ್ನ ಸೊಂಟ ನನಗೇ ವಕೀಲರ ನೋಟೀಸು ಕಳಿಸತ್ತೆ.”

“ಬೆನ್ನನ್ನ ನೆಟ್ಟಗೆ ಮಾಡೋಕೇ ಅದನ್ನ ಮಾಡಿರೋದು ಕಣೇ.”

“ಹಾಗಾದ್ರೆ ನಿನ್ನ ಬುದ್ಧಿಗೂ ಅಂಥದ್ದೊಂದು ಮಾಡಿಸ್ಕೊ ಮಾರಾಯ.”

ನಾನು ಕುರ್ಚಿ ಹೊತ್ತು ಶೆಡ್ಡಿನ ಕಡೆ ನಡೆದೆ. ಇತಿಹಾಸದ ಕಡೆ ಇರುವವರು ಹೆಂಡತಿಯ ಕಡೆ ನೋಡುತ್ತ ನಿಂತರೆ ಕೆಲಸ ಕೆಡುತ್ತದೆ.

ಮರುದಿನ ಈ ಭಾನುವಾರದ ಏರ್ಪಾಟು ನೋಡುವ ಸಮಿತಿಯ ಅಧ್ಯಕ್ಷೆ ಮಿಸೆಸ್ ಪೆನ್‌ಬರಿ ತಪಾಸಣೆಗೆ ಬಂದರು. ಆಕೆ ಯಾರನ್ನೂ ಬೈಯುವುದಿಲ್ಲ. ತಲೆ ಒಂದು ಪಕ್ಕಕ್ಕೆ ವಾಲಿಸಿ ನೋಡುತ್ತಾರೆ, ಅಷ್ಟೇ. ಅಷ್ಟಕ್ಕೇ ಒಬ್ಬ ಪಾದ್ರಿ ಊರು ಬಿಟ್ಟಿದ್ದಾನೆ ಎಂದು ಸುದ್ದಿ. ನನ್ನ ತಾಮ್ರದ ತಟ್ಟೆಗಳಿಗೆ ತಲೆ ನೆಟ್ಟಗಿತ್ತು. ಹಸಿರು ಹೂಜಿಗೂ ನೆಟ್ಟಗಿತ್ತು. ಒರಗುಬೆಂಚಿನ ಮುಂದೆ ವಾಲಿತು.

“ತಪ್ಪು ತಿಳ್ಕೋಬೇಡಿ ಮಿಸ್ಟರ್ ಟಕೆಟ್. ಇದು ಯಾಕೋ ಜ್ವರ ಬಿಟ್ಟು ಎದ್ದವರ ಹಾಗೆ ಬಿಳಿಚಿಕೊಂಡಿದೆ. ಕಾಯಿಲೆ ಏನಾದ್ರೂ?”

ನನಗೆ ರಕ್ತ ಕುದಿಯಿತು. ಆಕೆಯ ಮೇಲಲ್ಲ. ಹಿಂದೆ ಯಾವನೋ ಪಾಪಿ, ಬೋಳು ಮರವೇ ಚಂದ ಎಂಬ ಹುಚ್ಚಿನಲ್ಲಿ, ಇದನ್ನು ಕಾಸ್ಟಿಕ್ ಸೋಡಾ ತೊಟ್ಟಿಯಲ್ಲಿ ಮುಳುಗಿಸಿ ಇದರ ಕಂದು ಬಣ್ಣವನ್ನೆಲ್ಲ ಕಿತ್ತಿದ್ದ.

“ಕಾಯಿಲೆ ಇಲ್ಲ ಮೇಡಂ, ಅನ್ಯಾಯ,” ಎಂದೆ. “ಭಾನುವಾರಕ್ಕೆ ಇದರ ಬಣ್ಣ ವಾಪಸ್ ತರ್ತೀನಿ. ಡಬ್ಬಿ ಬಣ್ಣ ಬಳಿದಲ್ಲ. ಹಬೆ ಕೊಟ್ಟು.”

ಇದು ಆ ಮಹನೀಯರ ವಿದ್ಯೆ. ಓಕಿನ ಮೈಯಲ್ಲಿ ಒಗರಿದೆ, ಬಾಳೆಕಾಯಿಯಲ್ಲಿ ಇರುವ ಹಾಗೆ. ಗಾಳಿಯಾಡದ ಕೋಣೆಯಲ್ಲಿ ತಟ್ಟೆಗಳಲ್ಲಿ ಅಮೋನಿಯಾ ಇಟ್ಟು ಓಕನ್ನು ಕೂಡಿಹಾಕಿದರೆ, ಅದರ ಹಬೆ ತಾಗಿ ಒಗರು ತನ್ನಷ್ಟಕ್ಕೆ ಕಪ್ಪಾಗುತ್ತದೆ. ಒಗರಿಲ್ಲದ ಬೇರೆ ಮರ ಇದ್ದ ಬಣ್ಣದಲ್ಲೇ ಪೆಚ್ಚಾಗಿ ನಿಂತಿರುತ್ತದೆ. ಕುದುರೆ ಲಾಯದ ತೊಲೆಗಳು ಕಪ್ಪಗಿರುವುದನ್ನು ನೋಡಿ ಕಲಿತದ್ದಂತೆ. (ಕುದುರೆ ಅಮೋನಿಯಾ ಎಲ್ಲಿಂದ ತಂದಿತು ಎಂದು ಕೇಳಬೇಡಿ, ಟೀ ಹೊತ್ತಿನಲ್ಲಿ ಮಿಸೆಸ್ ಪೆನ್‌ಬರಿಗೂ ನಾನು ಹೇಳಲಿಲ್ಲ.)

“ಅಂದ್ರೆ ಮರ ಸುಳ್ಳು ಹೇಳಿದ್ರೆ ಸಿಕ್ಕಿಬೀಳತ್ತೆ?” ಎಂದಳು ವಿನಿ. ಅವಳು ಬಾಗಿಲಿಗೆ ಒರಗಿ ನಿಂತೇ ಟೀ ಕುಡಿಯುತ್ತಿದ್ದಳು.

“ಖಂಡಿತ! ಈ ಕೋಣೇಲಿ ಮೋಸದ ಮರದ ಒಂದು ಚೂರು ಸಿಕ್ಕಿದ್ರೂ ಆ ಸಾಮಾನನ್ನ ನಾನೇ ಹೊತ್ತು ಹೊರಗೆ ಹಾಕ್ತೀನಿ.”

“ಹಾಕಿ, ಆ ಜಾಗದಲ್ಲಿ ನನ್ನ ಕುರ್ಚಿ ಇಡ್ತೀಯ?”

“ಇಡ್ತೀನಿ.”

“ಒಂದು ವಾರಕ್ಕಾ, ಯಾವತ್ತಿಗೂನಾ?”

“ಯಾವತ್ತಿಗೂ! ಆದ್ರೆ ಬೆಂಚು ಗೆದ್ರೆ ಸೋಮವಾರ ನಿನ್ನ ಕುರ್ಚಿ ಕಸದ ಕೇಂದ್ರಕ್ಕೆ.”

ವಿನಿ ಬಟ್ಟಲು ಕೆಳಗಿಟ್ಟಳು. ಆ ಕುರ್ಚಿಯಲ್ಲಿ ಅವಳ ಅಜ್ಜಿ ಕೊನೆಯ ಟೀ ಕುಡಿದಿದ್ದರು. ಒಂದು ಕ್ಷಣ ಬೇಡ ಎನ್ನುತ್ತಾಳೆ ಎಂದುಕೊಂಡೆ.

“ಮಿಸೆಸ್ ಪೆನ್‌ಬರಿ, ನೀವೇ ಸಾಕ್ಷಿ,” ಎಂದಳು.

ಮಿಸೆಸ್ ಪೆನ್‌ಬರಿ ತಲೆ ವಾಲಿಸಿದರು. ಯಾರ ಕಡೆಗೆ ಎಂದು ನಾನು ಗಮನಿಸಬೇಕಿತ್ತು.

ಶೆಡ್ಡಿನ ಸಂದುಗೊಂದುಗಳಿಗೆಲ್ಲ ಪ್ಲಾಸ್ಟಿಕ್ ಹಾಳೆ ಬಡಿದೆ. ಬೆಂಚಿನ ಮೇಣವನ್ನೆಲ್ಲ ಉಜ್ಜಿ ತೆಗೆದು ಅದನ್ನು ಒಳಗೆ ತಂದೆ. ಮೂಲೆಯಲ್ಲಿದ್ದ ಕೂಪನ್ ಕುರ್ಚಿಯನ್ನು ಹೊರಗಿಡಲು ಹೋದರೆ ಅಡುಗೆಮನೆಯ ಕಿಟಕಿಯಿಂದ ಕೂಗು ಬಂತು: “ಸೋಮವಾರದ ತನಕ ಅದು ನಂದು! ಮಳೇಲಿ ನೆನೆಸಿದ್ಯೋ, ನೋಡ್ಕೊ!”

ಇರಲಿ ಎಂದು ದಿಂಬು ಮಾತ್ರ ತೆಗೆದು ಕುರ್ಚಿಯನ್ನು ಅಲ್ಲೇ ಬಿಟ್ಟೆ. ಸರ್ಕಾರಿ ಮಾಲು, ಅದರಲ್ಲಿ ಯಾವ ಒಗರು ಇದ್ದೀತು? ಮುಖಕ್ಕೆ ಈಜುಗಾರರ ಕನ್ನಡಕ, ಮೂಗಿಗೆ ಮುಸುಕು, ಕೈಗೆ ವಿನಿಯ ಪಾತ್ರೆ ತೊಳೆಯುವ ಗವಸು ಧರಿಸಿ, ತಟ್ಟೆಗಳಲ್ಲಿ ಅಮೋನಿಯಾ ಸುರಿದು, ಬಾಗಿಲು ಬಡಿದು ಓಡಿಬಂದೆ.

ಸಂಜೆಗೆ ಪಕ್ಕದ ಮನೆಯ ನೆವಿಲ್ ಬೇಲಿಯ ಮೇಲಿಂದ ತಲೆ ಹಾಕಿದ.

“ಆಲ್ಬನ್, ನಿನ್ನ ಶೆಡ್ಡಲ್ಲಿ ಕುದುರೆ ಏನಾದ್ರೂ ಸತ್ತಿದೆಯಾ?”

“ಕಲೆ ಹುಟ್ತಾ ಇದೆ ಕಣೋ.”

“ಹುಟ್ಟಿದ ತಕ್ಷಣ ಸ್ನಾನ ಮಾಡಿಸು.”

ಭಾನುವಾರ ಬಿಸಿಲು ಬಂತು. (ಇಂಗ್ಲೆಂಡಿನಲ್ಲಿ ಇದನ್ನು ಯಾವ ಲೇಖಕನೂ ಹಗುರಾಗಿ ಬರೆಯುವುದಿಲ್ಲ.) ಜನ ಬಂದರು. ನಾನು ಗುಟ್ಟಾಗಿ ಶೆಡ್ಡು ತೆರೆದು ನೋಡಿ, ಆಮೇಲೆ ಬೆಂಚನ್ನು ಮನೆಯೊಳಗೆ ತರಬಹುದಿತ್ತು. ಆದರೆ ಸತ್ಯಕ್ಕೆ ಯಾಕೆ ಗುಟ್ಟು? ಎಲ್ಲರನ್ನೂ ಹಿತ್ತಲಿಗೆ ಕರೆದು, ಶೆಡ್ಡಿನ ಮುಂದೆ ನಿಲ್ಲಿಸಿ, ಮರದ ಪ್ರಾಮಾಣಿಕತೆ ಕುರಿತು ಸುದೀರ್ಘ ಭಾಷಣ ಮಾಡಿ, ಬಾಗಿಲು ತೆರೆದೆ. ಹಬೆ ಹೊರಗೆ ನುಗ್ಗಿತು. ಸಭಿಕರೆಲ್ಲರ ಕಣ್ಣಲ್ಲಿ ನೀರು. ನನ್ನ ಭಾಷಣಕ್ಕೆ ಇಂಥ ಪ್ರತಿಕ್ರಿಯೆ ಸಿಕ್ಕಿದ್ದು ಅದೇ ಮೊದಲು.

ಗಾಳಿ ತಿಳಿಯಾದ ಮೇಲೆ ನಾನೂ ನೆವಿಲನೂ ಬೆಂಚನ್ನು ಹುಲ್ಲಿನ ಮೇಲೆ ತಂದಿಟ್ಟೆವು.

ಬೆನ್ನಿನ ನಡುವಿನ ಹಲಗೆಗಳು ಗಾಢ ಕಂದು. ಅಕ್ಕಪಕ್ಕದ ಹಲಗೆಗಳು ಹಾಲುಬಿಳುಪು. ಕೂರುವ ಹಲಗೆ ಬೇಯಿಸಿದ ಹಂದಿಮಾಂಸದ ಗುಲಾಬಿ. ಒಂದು ಕೈ ಬೂದು, ಇನ್ನೊಂದಕ್ಕೆ ಬಣ್ಣವೇ ಇಲ್ಲ. ಕಾಲುಗಳಲ್ಲಿ ಒಂದು ಮಾತ್ರ ಕಪ್ಪಾಗಿ, ತಪ್ಪಿ ಬೇರೆಯವರ ಮದುವೆಗೆ ಬಂದವನ ಹಾಗೆ ನಿಂತಿತ್ತು.

“ಜೀಬ್ರಾನಾ?” ಎಂದ ನೆವಿಲ್.

“ಓಕಿನ ಹೊರಪದರಕ್ಕೆ ಒಗರು ಕಡಿಮೆ,” ಎಂದು ನಾನು ವಿವರಿಸತೊಡಗಿದೆ. “ಅದು ಸಹಜ...”

“ಮಿಸ್ಟರ್ ಟಕೆಟ್,” ಎಂದರು ಮಿಸೆಸ್ ಪೆನ್‌ಬರಿ ಮೆಲ್ಲಗೆ, “ಈ ಬೆನ್ನಿನ ನಡುಭಾಗ ಯಾವುದೋ ಹಳೇ ಬೀರುವಿನ ಬಾಗಿಲು. ನೋಡಿ, ಬೀಗದ ತೂತು ಮುಚ್ಚಿದಾರೆ. ಸೀಟು ಬೀಚ್ ಅನ್ನೋ ಬೇರೆ ಜಾತಿ ಮರ. ಕೈಗಳು ಯಾವ್ಯಾವುದೋ ಮಂಚದ್ದು ಇರಬೇಕು.”

ಪ್ರತಿ ವಾರ ನಿಮ್ಮ ಮನೆಯ ಮೇಜನ್ನು ಹಳಿಯುತ್ತಿದ್ದ ನಾನು, ಮಂಚದ ಕೈಗೆ ಪ್ರತಿ ಶನಿವಾರ ಜೇನುಮೇಣ ತಿಕ್ಕುತ್ತಿದ್ದೆ.

ಅಷ್ಟರಲ್ಲಿ ಜನ ನನ್ನ ಬೆಂಚು ಬಿಟ್ಟು ಶೆಡ್ಡಿನ ಬಾಗಿಲಲ್ಲಿ ಗುಂಪುಗೂಡಿದ್ದರು. ಒಳಗೆ ಮೂಲೆಯಲ್ಲಿ ಕೂಪನ್ ಕುರ್ಚಿ. ನೆತ್ತಿಯಿಂದ ಕಾಲಿನವರೆಗೆ ಒಂದೇ ಬಣ್ಣ, ಕುದಿಸಿ ಇಳಿಸಿದ ಟೀಯ ಕಂದು. ಒಂದು ಪಟ್ಟಿಯೂ ತಪ್ಪಿಲ್ಲ. ಒಂದು ಕಾಲೂ ಸುಳ್ಳು ಹೇಳಿಲ್ಲ. ಮೂರು ತಲೆಮಾರಿನ ಹೆಂಗಸರು ಪಾಲಿಶ್ ತೊಳೆದು ತೆಗೆದಿದ್ದರಿಂದ ಹಬೆ ನೇರ ಮೈಗೇ ತಾಗಿತ್ತು.

“ಇದು ಯಾರದ್ದು?” ಎಂದು ಒಬ್ಬರು ಕೇಳಿದರು. “ಎಂಥಾ ಮರ!”

“ನಂದು,” ಎಂದಳು ವಿನಿ.

ಮಿಸೆಸ್ ಪೆನ್‌ಬರಿ ಕುರ್ಚಿಯನ್ನು ಬಿಸಿಲಿಗೆ ತರಿಸಿ, ಬೋರಲು ಹಾಕಿ, ಅಡಿಯಲ್ಲಿದ್ದ ಸರ್ಕಾರಿ ಮುದ್ರೆಯನ್ನು ಬೆರಳಿನಿಂದ ಸವರಿದರು. “ಯುದ್ಧದ ಕಾಲದಲ್ಲಿ ನಮ್ಮಮ್ಮ ಮದುವೆಯಾದಾಗ ಸರ್ಕಾರದವರು ಇಂಥದ್ದೇ ಕೊಟ್ಟಿದ್ರು. ಗಟ್ಟಿ ಓಕು, ಗಟ್ಟಿ ಕಚ್ಚು. ಎಲ್ಲರಿಗೂ ಒಂದೇ,” ಎಂದು ಅದನ್ನು ನೆಟ್ಟಗೆ ನಿಲ್ಲಿಸಿ ಕೂತರು. ತಲೆ ನೆಟ್ಟಗಿತ್ತು. ಏಳುವ ಲಕ್ಷಣ ಕಾಣಲಿಲ್ಲ.

“ಮೇಡಂ, ಅದು ಯಂತ್ರದಲ್ಲಿ ಮಾಡಿದ್ದು,” ಎಂದೆ ಕೊನೆಯ ಅಸ್ತ್ರವಾಗಿ.

“ನಿಮ್ಮದು ಕೈಯಲ್ಲೇ ಮಾಡಿದ್ದು,” ಎಂದರು ಆಕೆ. “ಎಷ್ಟು ಜನರ ಕೈಯೋ!”

ಮಾತು ಕೊಟ್ಟವನು ನಾನು. ಸಾಕ್ಷಿಯೋ, ಆ ಕುರ್ಚಿಯಲ್ಲೇ ಕೂತಿದ್ದರು. ಒರಗುಬೆಂಚನ್ನು ಹಿತ್ತಲ ಗೋಡೆಯ ಬದಿಗೆ ನಾನೇ ಹೊತ್ತು ಹಾಕಿದೆ. ನೆವಿಲನ ನಾಯಿ ಹತ್ತಿ ಮಲಗಿತು, ಸ್ವಲ್ಪ ಹೊತ್ತಾದ ಮೇಲೆ ಸೊಂಟ ನೋವಾದವರ ಹಾಗೆ ಇಳಿದು ಹೋಯಿತು. ಕೂಪನ್ ಕುರ್ಚಿ ಬೆಂಕಿಗೂಡಿನ ಪಕ್ಕದ ಸಿಂಹಾಸನಕ್ಕೆ ಬಂತು. ಕಿತ್ತಳೆ ದಿಂಬಿನ ಸಮೇತ.

ನಾನು ಸೋತೆ ಎಂದು ಊರಿನವರು ಆಡಿಕೊಳ್ಳುತ್ತಿದ್ದಾರೆ. ತಪ್ಪು. ನನ್ನ ಸಿದ್ಧಾಂತ ಗೆದ್ದಿದೆ, ಗೆದ್ದ ಭರದಲ್ಲಿ ನನ್ನನ್ನು ಸ್ವಲ್ಪ ತುಳಿದಿದೆ, ಅಷ್ಟೇ. ಆ ಮಹನೀಯರು ಬಯಸಿದ್ದು ದುಡಿಯುವವರ ಮನೆಯಲ್ಲೂ ಒಳ್ಳೆಯ ಕುರ್ಚಿ ಇರಲಿ ಎಂದು. ಅವರು ಮಾಡಿದ ಕುರ್ಚಿಗಳೋ ದುಬಾರಿಯಾಗಿ ಬ್ಯಾಂಕ್ ಮಾಲೀಕರ ಮನೆ ಸೇರಿದವು. ಬಾಂಬಿಗೆ ಮನೆ ಕಳೆದುಕೊಂಡ ಹೆಂಗಸಿನ ಹತ್ತಿರ ಒಂದು ಸತ್ಯವಂತ ಓಕ್ ಕುರ್ಚಿಯನ್ನು ತಂದು ಮುಟ್ಟಿಸಿದ್ದು ಆ ಕೂಪನ್ ಚೀಟಿ. ಅದರಲ್ಲಿ ಕೂರಬೇಕಾದ ವಿನಿ ಆ ವಾರವೆಲ್ಲ ಬಾಗಿಲಿಗೆ ಒರಗಿ ನಿಂತೇ ಟೀ ಕುಡಿದಳು. ಮರದ ಒಂದು ಗೆರೆಯನ್ನೂ ಬಿಡದೆ ಓದುವ ನನ್ನ ಕಣ್ಣಿಗೆ ಅದು ಬೀಳಲಿಲ್ಲ.

ನಿಮ್ಮ ಕಣ್ಣಿಗೂ ಬಿದ್ದಿರಲಾರದು. ಆದ್ದರಿಂದ ಈ ಪತ್ರಿಕೆಯನ್ನು ಕೆಳಗಿಡಿ. ನಿಮ್ಮ ಮನೆಯಲ್ಲಿ ಎಲ್ಲಕ್ಕಿಂತ ಹಾಯಾದ ಕುರ್ಚಿಯಲ್ಲಿ ಈಗ ಕೂತಿರುವವರು ನೀವೇ. ಅಡುಗೆಮನೆಯಲ್ಲಿ ಯಾರೋ ನಿಂತಿದ್ದಾರೆ. ಏಳಿ. ಅವರನ್ನು ಕರೆದು ಕೂರಿಸಿ.