ಕಾಕಾ ಮತ್ತು ಬಿಸಿಲಿನ ಪಂಪು

ನಾನು ಏಳನೇ ತರಗತಿಗೆ ಶಾಲೆ ಬಿಟ್ಟದ್ದು 1996ರಲ್ಲಿ. ಆಮೇಲೆ ಕಲಿತದ್ದೆಲ್ಲ ವೆಲ್ಡಿಂಗ್ ಕಿಡಿಯಲ್ಲಿ. ಕಲಬುರಗಿಯ ಸೇಡಂ ರಸ್ತೆಯಲ್ಲಿ ಸ್ವಂತ ಅಂಗಡಿ ಇದೆ. ನಾನು ಮಾಡಿದ ಕಬ್ಬಿಣದ ಸ್ಟ್ಯಾಂಡು ಅಲುಗಿದ್ದನ್ನು ನೋಡಿದವರು ಇನ್ನೂ ಹುಟ್ಟಿಲ್ಲ. ಇಂಥ ನನ್ನ ತಲೆಯನ್ನೇ ಅಲುಗಾಡಿಸಿದವರು ಕಮಲಾಪುರದ ನಮ್ಮ ಕಾಕಾ. ಅವರನ್ನು ಹುಚ್ಚರೆನ್ನಲಾರೆ. ಹುಚ್ಚರು ಒಮ್ಮೊಮ್ಮೆಯಾದರೂ ಬೇರೆಯವರ ಮಾತು ಕೇಳುತ್ತಾರೆ!

ಕಾಕಾನ ಬಾಳೆ ತೋಟಕ್ಕೆ ಬ್ಯಾಂಕಿನವರು ಹಸಿರು ಸಾಲ ಕೊಟ್ಟು ಸೋಲಾರ್ ಪಂಪು ಹಾಕಿಸಿದರು. ಅದರ ಪ್ಯಾನೆಲ್ಲುಗಳನ್ನು ಬಿಸಿಲಿಗೆ ಎತ್ತಿ ಹಿಡಿಯುವ ಸ್ಟ್ಯಾಂಡು ನನ್ನದು. ಪಂಪು ಸರಿಯಾಗಿ ನಡೆದರೆ ಅಂಗಡಿ ದೊಡ್ಡದು ಮಾಡಲು ನನಗೂ ಅಂಥದೇ ಸಾಲ ಎಂದರು. ಡೀಸೆಲ್ ಸುಡದೆ ಉಳಿದ ಹೊಗೆಯನ್ನು ಲೆಕ್ಕ ಹಾಕುತ್ತಾರಂತೆ, ಆ ಲೆಕ್ಕ ನೋಡಿ ಹೊರದೇಶದವರು ದುಡ್ಡು ಹಾಕುತ್ತಾರಂತೆ. ಬಾರದ ಹೊಗೆಯನ್ನು ಅಳೆಯುವುದು ಯಾವ ಟೇಪಿನಿಂದ? ನಾನು ತಲೆ ಕೆರೆದುಕೊಂಡೆ. ಕಾಕಾ ಮಾತ್ರ ಕೆರೆದುಕೊಳ್ಳದೆ ಬ್ಯಾಂಕಿನ ಸಾಹೇಬರನ್ನೇ ಕೇಳಿದರು.

"ಸಾಹೇಬ್ರ, ನಾ ಬೀಡಿ ಬಿಟ್ಟು ಇಪ್ಪತ್ತು ವರ್ಷ ಆಯ್ತ್ರಿ. ಅದರ ರೊಕ್ಕ ಯಾವ ದೇಶದವರು ಕೊಡ್ತಾರ್ರಿ?"

ಎರಡು ತಿಂಗಳಾದ ಮೇಲೆ ಸಾಹೇಬರ ಫೋನು. ಬ್ಯಾಂಕಿನ ಕಂಪ್ಯೂಟರಿನಲ್ಲಿ ವಾರಕ್ಕೊಂದು ದಿನ ಪಂಪು ಸೊನ್ನೆ ತೋರಿಸುತ್ತಿದೆ, ಸ್ಟ್ಯಾಂಡು ವಾಲಿರಬೇಕು, ನಿನ್ನ ಸಾಲದ ಫೈಲು ನಿಲ್ಲಿಸಿದ್ದೇನೆ! ನನ್ನ ಸ್ಟ್ಯಾಂಡು? ವಾಲುವುದೆ? ಮಂಗಳವಾರ ಓಡಿಹೋಗಿ ಒಂದೊಂದೇ ಬೋಲ್ಟು ತಿರುವಿದೆ. ಎಲ್ಲ ಸರಿ. ಶುಕ್ರವಾರ ಹೋದೆ. ಆಗಲೂ ಸರಿ! ಕಾಕಾನನ್ನು ಕೇಳಿದರೆ, "ಭೇಷ್ ದುಡೀಲಾಕತ್ತದಲ್ಲೋ, ನಿನಗೇನಾಗ್ಯಾದ?"

ಕೊನೆಗೆ ಸಾಹೇಬರೇ ನನ್ನನ್ನು ಕರೆದುಕೊಂಡು ಹೊರಟರು. ಅಂದು ಸೋಮವಾರ. ನೋಡುತ್ತೇವೆ, ಪ್ಯಾನೆಲ್ಲುಗಳೆಲ್ಲ ಕೌದಿ ಹೊದ್ದು ಮಲಗಿವೆ!

"ಕಾಕಾ, ಇದೇನಿದು!"

"ಸೋಮವಾರಲ್ಲೋ ಇವತ್ತು! ನಮ್ಮ ಮನ್ಯಾಗ ಯಾವತ್ತರ ಸೋಮವಾರ ಎತ್ತು ಹೂಡೀವೇನು? ಡೀಸೆಲ್ ಬರೂಕಿಂತ ಮೊದ್ಲ ಬಾವಿ ನೀರು ಎತ್ತು ಎಳೀತಿದ್ವು, ಈಗ ಇದು ಎಳೀತದ. ಎತ್ತಿನ ಕೆಲಸ ಇದಕ್ಕ ಹಚ್ಚೀವಿ, ಎತ್ತಿನ ಸೂಟಿ ಬ್ಯಾಡೇನು?"

"ಇದು ಮಷೀನ್ರಿ ಯಜಮಾನ್ರ, ದಣಿಯಂಗಿಲ್ಲ," ಎಂದರು ಸಾಹೇಬರು, ಬೆವರು ಒರೆಸಿಕೊಳ್ಳುತ್ತ.

"ನಿಮ್ಮ ಬ್ಯಾಂಕಿನ ಕಂಪ್ಯೂಟರ್ ಸುದ್ದಾ ದಣಿಯಂಗಿಲ್ಲ. ಐತ್ವಾರ ಯಾಕ ಬಾಗ್ಲಾ ಹಾಕ್ತೀರಿ?"

ಸಾಹೇಬರು ಸ್ಟ್ಯಾಂಡನ್ನು ಹಿಡಿದು ಜಗ್ಗಿದರು. ಅದು ಅಲುಗಲಿಲ್ಲ, ಅವರೇ ಅಲುಗಿದರು! "ಸ್ಟ್ಯಾಂಡಿನಲ್ಲಿ ದೋಷವಿಲ್ಲ. ಸೋಮವಾರ ರೈತರ ಇಚ್ಛೆ" ಎಂದು ಬರೆದರು. ನನ್ನ ಫೈಲು ಬದುಕಿತು.

ಸಾಹೇಬರು ಹೋದರು. ಅಂಗಡಿಯಲ್ಲಿ ಕೆಲಸ ಬಿದ್ದಿದೆ, ಬಸ್ಸಿಗೆ ಹೋಗುತ್ತೇನೆಂದು ನಾನೂ ಎದ್ದೆ. ಕಾಕಾ ತೋಳು ಹಿಡಿದರು.

"ಎತ್ತಿಗೆ, ಪಂಪಿಗೆ ನಾ ಇದ್ದೀನಿ. ನಿನ್ನ ಕೊಳ್ಳಾಗಿನ ನೊಗ ಇಳಸೋರು ಯಾರೋ? ನಿಮ್ಮಪ್ಪ ಹೋದಾಗಿಂದ ನೀ ಒಂದಿನಾ ಸುಮ್ನ ಕುಂತಿದ್ದು ನಾ ನೋಡಿಲ್ಲ. ಮಲಕೋ."

ಬೇವಿನ ನೆರಳಿನಲ್ಲಿ ಇನ್ನೊಂದು ಕೌದಿ ಹಾಸಿದರು. ಜಗಳವಾಡಬೇಕೆಂದಿದ್ದೆ. ಮಲಗಿಬಿಟ್ಟೆ. ಎಚ್ಚರವಾದಾಗ ಹೊತ್ತು ಇಳಿದಿತ್ತು. ಕಾಕಾ ಪಕ್ಕದಲ್ಲಿ ಕೂತು ಟವೆಲಿನಿಂದ ನನ್ನ ಮೇಲಿನ ನೊಣ ಓಡಿಸುತ್ತಿದ್ದರು.

ಈಗ ನನ್ನ ಹತ್ತಿರ ಇರುವುದು: ಅಂಗಡಿ ಒಂದು, ವೆಲ್ಡಿಂಗ್ ಮಷೀನು ಮೂರು, ಹಸಿರು ಸಾಲ ಒಂದು, ವಾರಕ್ಕೆ ದುಡಿಯುವ ದಿನ ಆರು.