ಹಿಂದೂ ಮಹಾಸಾಗರದಲ್ಲಿ ಟವೆಲ್ ಹಾಕಿ ಸೀಟು ಹಿಡಿದ ಪ್ರಸಂಗ

ಬಸ್ಸಿನಲ್ಲಿ ಸೀಟು ಹಿಡಿಯುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಸಾರಕ್ಕಿಯಿಂದ ತಲಘಟ್ಟಪುರದವರೆಗೆ ಯಾರೂ ಇಲ್ಲ. ಇದು ಜಂಬವಲ್ಲ, ಮಾಹಿತಿ. ಬಸ್ಸು ನಿಲ್ಲುವ ಮೊದಲೇ ಅದರ ಪಕ್ಕದಲ್ಲಿ ಓಡಬೇಕು, ಓಡುತ್ತಲೇ ಕಿಟಕಿಯೊಳಗೆ ಟವೆಲ್ ಎಸೆಯಬೇಕು. ಟವೆಲ್ ಬಿದ್ದ ಸೀಟಿನ ಮೇಲೆ ಆಮೇಲೆ ಯಾರಪ್ಪನಿಗೂ ಹಕ್ಕಿಲ್ಲ. ಈ ಕಾನೂನು ಯಾವ ಪುಸ್ತಕದಲ್ಲೂ ಬರೆದಿಲ್ಲವಾದರೂ ಬನಶಂಕರಿ ಬಸ್ ಸ್ಟ್ಯಾಂಡಿನಲ್ಲಿ ಅದನ್ನು ಮೀರಿದವರನ್ನು ನಾನು ಕಂಡಿಲ್ಲ.

ಮದುವೆಯಾಗಿ ಮೂವತ್ತೊಂದು ವರ್ಷವಾಯಿತು. ನನ್ನ ಹೆಂಡತಿ ಸರೋಜ ಒಂದು ದಿನವೂ ಬಸ್ಸಿನಲ್ಲಿ ನಿಂತು ಪ್ರಯಾಣ ಮಾಡಿಲ್ಲ. ನಾನು ಮುಂದೆ ಓಡುವುದು, ಅವಳು ಲಗೇಜು ಹೊತ್ತುಕೊಂಡು ಹಿಂದಿನಿಂದ ಬರುವುದು. ಇದು ನಮ್ಮಿಬ್ಬರ ಒಪ್ಪಂದ. ಅದಕ್ಕೆ ಅವಳ ಒಪ್ಪಿಗೆ ಕೇಳಿದ್ದೆನೋ ಇಲ್ಲವೋ ಸರಿಯಾಗಿ ನೆನಪಿಲ್ಲ.

ನಮ್ಮದು ಸಾರಕ್ಕಿ ಊರೊಳಗಿನ ಮನೆ. ನಮ್ಮಪ್ಪ ಕೊತ್ತಂಬರಿ ಸೊಪ್ಪು ಬೆಳೆಯುತ್ತಿದ್ದ ಜಾಗದಲ್ಲಿ ನಾನು ಮೂರು ಅಂತಸ್ತು ಕಟ್ಟಿ ಬಾಡಿಗೆಗೆ ಕೊಟ್ಟಿದ್ದೇನೆ. ಮೊದಲನೇ ಮಹಡಿಯ ಮಂಜು ಟೂರ್ ಕಂಪನಿಯವನು. ಒಂದು ಭಾನುವಾರ ನೀರಿನ ಮೋಟರ್ ಆನ್ ಮಾಡಲು ಕೆಳಗೆ ಬಂದವನು ನನ್ನನ್ನು ಹಿಡಿದುಕೊಂಡ.

"ಅಂಕಲ್, ಎಷ್ಟ್ ವರ್ಷ ಅಂತ ಧರ್ಮಸ್ಥಳಕ್ಕೇ ಹೋಗ್ತೀರಾ? ಒಂದ್ಸಲ ಆಂಟೀನ ಕರ್ಕೊಂಡು ಆಫ್ರಿಕಾ ಕಡೆ ಜಾಂಜಿಬಾರ್‌ಗೆ ಹೋಗ್ಬನ್ನಿ. ಐದು ದಿನ ದ್ವೀಪ. ಆರನೇ ದಿನ ಹಡಗಲ್ಲಿ ದಾರ್ ಎಸ್ ಸಲಾಮ್ ಸಿಟಿ. ಮಾರನೇ ದಿನ ಫ್ಲೈಟ್ ಹತ್ತಿ ಮನೆ. ಸಖತ್ತಾಗಿರತ್ತೆ!"

ಆಫ್ರಿಕಾ ಎಂದ ಕೂಡಲೇ ಸರೋಜ ಚಟ್ನಿಪುಡಿ ಮಾಡಲು ಶುರು ಮಾಡಿದಳು. ದ್ವೀಪದ ಐದು ದಿನ ಮರಳು, ತೆಂಗಿನಮರ, ಲವಂಗದ ತೋಟ ಎಂದು ಚೆನ್ನಾಗಿಯೇ ಕಳೆದವು. ನಾನು ಹೇಳಬೇಕಾಗಿರುವುದು ಆರನೇ ದಿನದ ಬಗ್ಗೆ.

ಹಿಂದಿನ ಸಂಜೆ ಮಂಜು ಫೋನ್ ಮಾಡಿ, "ಅಂಕಲ್, ಹಡಗಲ್ಲಿ ಸೀಟ್ ನಂಬರ್ ಇರಲ್ಲ. ಮೊದ್ಲು ಹೋದೋರಿಗೆ ಮೊದ್ಲು" ಅಂದ. ನನಗೆ ಹುರುಪು ಬಂತು. ಐದು ದಿನದಿಂದ ಕೆಲಸವಿಲ್ಲದೆ ಮಂಕಾಗಿದ್ದವನಿಗೆ ಕೊನೆಗೂ ನನ್ನ ವಿದ್ಯೆ ಬೇಕಾದ ಜಾಗ ಸಿಕ್ಕಿತ್ತು.

ಬೆಳಿಗ್ಗೆ ಎದ್ದು ಎರಡು ಟಿಕೆಟ್, ಎರಡು ಪಾಸ್‌ಪೋರ್ಟ್ ಎಲ್ಲವನ್ನೂ ನನ್ನ ಸೊಂಟದ ಪೌಚಿಗೆ ಸೇರಿಸಿದೆ.

"ರೀ, ನನ್ ಟಿಕೆಟ್ ನನ್ ಕೈಲಿ ಕೊಡಿ."

"ಯಾಕೆ? ಎಲ್ಲೋ ಇಟ್ಟು ಮರ್ಯೋದಕ್ಕಾ? ನಾನಿದೀನಲ್ಲ!"

ಅವಳ ಫೋನಿಗೆ ಅಲ್ಲಿನ ಸಿಮ್ ಕೂಡ ಹಾಕಿಸಿರಲಿಲ್ಲ. ಯಾವಾಗಲೂ ಜೊತೆಗೇ ಇರುವ ಇಬ್ಬರಿಗೆ ಎರಡು ಸಿಮ್ ಯಾಕೆ ಎಂಬುದು ನನ್ನ ವಾದ. ಆ ವಾದದಲ್ಲಿ ನಾನೇ ಗೆದ್ದಿದ್ದೆ.

ಬಂದರಿನಲ್ಲಿ ಜನವೋ ಜನ. ಮೂಟೆ, ಬಕೆಟ್ಟು, ಸುತ್ತಿದ ಚಾಪೆ, ಮಕ್ಕಳು. ಹಬ್ಬದ ಹಿಂದಿನ ದಿನದ ಬನಶಂಕರಿ ಬಸ್ ಸ್ಟ್ಯಾಂಡೇ! ನನಗೆ ಊರಿಗೆ ಬಂದಷ್ಟು ಸಂತೋಷವಾಯಿತು. ಹೆಗಲಿನ ಟವೆಲನ್ನು ಕೈಗೆ ತೆಗೆದುಕೊಂಡೆ.

"ನೀನು ಸೂಟ್‌ಕೇಸ್ ತಗೊಂಡು ನಿಧಾನಕ್ಕೆ ಬಾ. ನಾನು ಹೋಗಿ ಸೀಟ್ ಹಿಡೀತೀನಿ."

"ರೀ, ಜೊತೇಲೇ ಹೋಗೋಣ. ಇದು ನಮ್ಮೂರ್ ಬಸ್ಸಲ್ಲ."

ಗೇಟು ತೆರೆಯಿತು. ನಾನು ಓಡಿದೆ. ಐವತ್ತೆಂಟು ವರ್ಷದ ಮಂಡಿಗಳು ಇಪ್ಪತ್ತೈದರ ಮಂಡಿಗಳಾದವು. ಟಿಕೆಟ್ ನೋಡುವವನ ಕೈಗೆ ಎರಡೂ ಟಿಕೆಟ್ ತುರುಕಿ, "ಒನ್ ಮಿ, ಒನ್ ವೈಫ್, ವೈಫ್ ಬ್ಯಾಕ್ ಕಮಿಂಗ್" ಎಂದು ನನ್ನ ಇಂಗ್ಲಿಷಿನಲ್ಲಿ ವಿವರಿಸಿದೆ. ಅವನು ಎರಡನ್ನೂ ಹರಿದು ಚೂರುಗಳನ್ನು ನನ್ನ ಕೈಗೇ ಕೊಟ್ಟ. ನಾಲ್ಕು ಜನರನ್ನು ಹಿಂದೆ ಹಾಕಿ ಹಡಗು ಹತ್ತಿದೆ. ಕಿಟಕಿ ಪಕ್ಕದ ಜೋಡಿ ಸೀಟು! ಒಂದರಲ್ಲಿ ನಾನು ಕೂತೆ, ಇನ್ನೊಂದಕ್ಕೆ ಟವೆಲ್ ಹಾಸಿದೆ. ಖಂಡ ಬದಲಾದರೂ ಟವೆಲಿನ ಮರ್ಯಾದೆ ಬದಲಾಗಲಿಲ್ಲ. ಬಂದವರೆಲ್ಲ ಅದನ್ನು ನೋಡಿ ಮುಂದೆ ಹೋದರು.

ಹೆಂಡತಿ ಎಲ್ಲಿ ಎಂದು ಕಿಟಕಿಯಿಂದ ನೋಡಿದೆ. ಸರೋಜ ಗೇಟಿನ ಆಚೆಗೇ ಇದ್ದಳು. ಎಡಗಡೆ ಒಂದು ಸೂಟ್‌ಕೇಸು, ಬಲಗಡೆ ಒಂದು ಸೂಟ್‌ಕೇಸು, ಹೆಗಲಲ್ಲಿ ಚಟ್ನಿಪುಡಿಯ ಚೀಲ. ಮುಂದೆ ಕೈ ಅಡ್ಡ ಹಿಡಿದುಕೊಂಡ ಗೇಟಿನವನು. ಟಿಕೆಟ್ ಹರಿದವನು ಅಲ್ಲಿರಲಿಲ್ಲ; ಅವನ ಜಾಗಕ್ಕೆ ಬೇರೆಯವನು ಬಂದಿದ್ದ. ನಾನು ಗಾಜಿನ ಒಳಗಿನಿಂದ ಬಾ ಬಾ ಎಂದು ಕೈ ಬೀಸಿದೆ. ಅವಳು ಅಂಗೈ ಮೇಲೆ ಚೌಕ ಬರೆದು ತೋರಿಸಿದಳು. ಟಿಕೆಟ್!

ನನ್ನ ಕೈ ಪೌಚಿಗೆ ಹೋಯಿತು. ಟಿಕೆಟಿನ ಚೂರು ಅಲ್ಲಿತ್ತು. ಅವಳ ಪಾಸ್‌ಪೋರ್ಟೂ ಅಲ್ಲೇ ಇತ್ತು.

ಇನ್ನು ಮುಂದಿನದನ್ನು ನಾನು ಇವತ್ತಿನವರೆಗೆ ಯಾರ ಮುಂದೆಯೂ ಒಪ್ಪಿಕೊಂಡಿಲ್ಲ. ನಾನು ತಟ್ಟನೆ ಎದ್ದು ಓಡಬೇಕಿತ್ತು. ಓಡಲಿಲ್ಲ. ಎದ್ದರೆ ನನ್ನ ಸೀಟು ಹೋಗುತ್ತದಲ್ಲ! ಒಂದೇ ಟವೆಲು, ಎರಡು ಸೀಟು. ಟವೆಲನ್ನು ಉದ್ದಕ್ಕೆ ಎಳೆದು ಎರಡೂ ಸೀಟಿಗೆ ಬರುವಂತೆ ಹಾಸಿದೆ. ಅದು ಜಾರಿತು, ಮತ್ತೆ ಹಾಸಿದೆ. ಹೀಗೆ ಅರ್ಧ ನಿಮಿಷ ಹೋಯಿತು. ಬಾಗಿಲಿಗೆ ಹೋದಾಗ ಹಗ್ಗ ಬಿಚ್ಚಿ ಆಗಿತ್ತು, ಹಡಗಿಗೂ ಕಟ್ಟೆಗೂ ನಡುವೆ ಒಂದು ಮಾರು ನೀರಿತ್ತು.

"ಸ್ಟಾಪ್! ವೈಫ್! ಮೈ ವೈಫ್!"

ಹಡಗಿನವನು ನನ್ನ ತೋಳು ಹಿಡಿದುಕೊಂಡ. "ನೆಕ್ಸ್ಟ್ ಬೋಟ್, ಬಾಬಾ. ಶಿ ಕಮ್ ನೆಕ್ಸ್ಟ್ ಬೋಟ್."

ಬಸ್ಸಾಗಿದ್ದರೆ ಡಬ ಡಬ ಎಂದು ಬಡಿದು "ಹೋಲ್ಡಾನ್" ಅನ್ನಬಹುದಿತ್ತು. ಇಲ್ಲಿ ಎಲ್ಲಿ ಬಡಿಯುವುದು? ಸರೋಜ ಕಿರುಚಲಿಲ್ಲ, ಅಳಲಿಲ್ಲ. ಹೆಗಲಿನ ಚೀಲವನ್ನು ಸೂಟ್‌ಕೇಸಿನ ಮೇಲಿಟ್ಟಳು. ಹಡಗು ತಿರುಗಿತು, ಅವಳು ಕಾಣದಾದಳು.

ವಾಪಸ್ಸು ಬಂದು ಕೂತೆ. ಎರಡೂ ಸೀಟು ಭದ್ರವಾಗಿದ್ದವು.

ಬಿಳಿ ಗಡ್ಡದ ಅಜ್ಜನೊಬ್ಬ ಕೊಡೆ ಹಿಡಿದುಕೊಂಡು ಬಂದು ಟವೆಲು ತೋರಿಸಿದ.

"ಸಮ್‌ಒನ್ ಹಿಯರ್?"

"ಮೈ ವೈಫ್."

ಅವನು ಹತ್ತು ನಿಮಿಷ ಕಂಬಕ್ಕೆ ಒರಗಿ ನಿಂತ. ಆಮೇಲೆ ಮತ್ತೆ ಕೇಳಿದ. "ವೇರ್ ಈಸ್ ವೈಫ್?"

ನಾನು ಹಿಂದೆ ಕೈ ತೋರಿಸಿದೆ. ಅಲ್ಲಿ ದ್ವೀಪ ಒಂದು ಗೆರೆಯಷ್ಟು ಉಳಿದಿತ್ತು. ಅಜ್ಜ ಗೆರೆಯನ್ನು ನೋಡಿದ, ಟವೆಲನ್ನು ನೋಡಿದ, ನನ್ನ ಮುಖ ನೋಡಿದ. "ಪೋಲೆ" ಅಂದ. ಅದು ಅವರ ಭಾಷೆಯಲ್ಲಿ ಪಾಪ ಅನ್ನುವುದಂತೆ. ಆದರೂ ಅವನನ್ನು ಕೂರಿಸಲು ನನಗೆ ಮನಸ್ಸಾಗಲಿಲ್ಲ. ಆ ಸೀಟಿನಲ್ಲಿ ಬೇರೆಯವರು ಕೂತರೆ ಅವಳು ಹಡಗಿನಲ್ಲಿಲ್ಲ ಎನ್ನುವುದು ಖಾತ್ರಿಯಾಗಿಬಿಡುತ್ತದೆ ಅನ್ನಿಸಿತು.

ಸಮುದ್ರದಲ್ಲಿ ಮೀನುಗಳು ಗುಂಪಾಗಿ ನೆಗೆದವು. ಎಮ್ಮೆಕರುವಿನಷ್ಟು ದಪ್ಪ ಮೀನುಗಳು! "ಏ, ನೋಡೇ ಅಲ್ಲಿ!" ಎಂದು ಪಕ್ಕಕ್ಕೆ ತಿರುಗಿದೆ. ಟವೆಲು. ಮೂವತ್ತೊಂದು ವರ್ಷದಲ್ಲಿ ಯಾವುದನ್ನು ಕಂಡರೂ ನೋಡೇ ಎಂದು ತೋರಿಸಿಯೇ ಅಭ್ಯಾಸವಾದವನಿಗೆ ಒಬ್ಬನೇ ನೋಡುವುದು ಹೇಗೆಂದು ತಿಳಿಯಲಿಲ್ಲ. ಮೀನುಗಳಿಗೆ ಬೆನ್ನು ತಿರುಗಿಸಿ ಕೂತೆ.

ತಲೆ ಮಾತ್ರ ಸುಮ್ಮನಿರಲಿಲ್ಲ. ದಾರ್ ಎಸ್ ಸಲಾಮಿನಲ್ಲಿ ನಾವು ಇಳಿಯುವ ಹೋಟೆಲಿನ ಹೆಸರು ಅವಳಿಗೆ ಗೊತ್ತಾ? ಹೇಳಿಲ್ಲ. ನನ್ನ ಹೊಸ ಸಿಮ್ಮಿನ ನಂಬರು? ಕೊಟ್ಟಿಲ್ಲ. ಕೈಯಲ್ಲಿ ಟಿಕೆಟ್ಟಿಲ್ಲ, ಪಾಸ್‌ಪೋರ್ಟಿಲ್ಲ. ಯಾರಾದರೂ ನೀನು ಯಾರು ಎಂದು ಕೇಳಿದರೆ ಸಾರಕ್ಕಿಯ ಸರೋಜ ಎಂದು ಸಾಬೀತು ಮಾಡಲು ಅವಳ ಹತ್ತಿರ ಇರುವುದು ಚಟ್ನಿಪುಡಿ ಒಂದೇ. ಇಷ್ಟನ್ನೂ ಒಬ್ಬ ಗಂಡಸು ತನ್ನ ಹೆಂಡತಿಗೆ ಮಾಡಿದ್ದಾನೆ ಎಂದು ಪೇಪರಿನಲ್ಲಿ ಓದಿದ್ದರೆ ನಾನೇ ಅವನಿಗೆ ಉಗಿಯುತ್ತಿದ್ದೆ.

ಅಷ್ಟರಲ್ಲಿ ಹಡಗು ಏಳುವುದು ಬೀಳುವುದು ಶುರುವಾಯಿತು. ಹೊಟ್ಟೆ ತೊಳಸಿತು. ಇಂಥ ಹೊತ್ತಿಗೆಂದೇ ತಂದ ನಿಂಬೆಹಣ್ಣು ಸರೋಜಳ ಚೀಲದಲ್ಲಿತ್ತು. ಶುಂಠಿ ಪೆಪ್ಪರ್‌ಮಿಂಟು, ನನ್ನ ಬಿಪಿ ಮಾತ್ರೆ, ಕನ್ನಡಕ, ಎಲ್ಲವೂ ಅಲ್ಲೇ. ನನ್ನ ಹತ್ತಿರ ಇದ್ದದ್ದು ಎರಡು ಸೀಟು ಮಾತ್ರ. ಹಡಗಿನವರು ಕವರ್ ಹಂಚುತ್ತಾ ನನ್ನ ತನಕ ಬರುವಷ್ಟರಲ್ಲಿ ಕಾಲ ಮಿಂಚಿತ್ತು. ಸಾರಕ್ಕಿಯಿಂದ ತಲಘಟ್ಟಪುರದವರೆಗೆ ಮರ್ಯಾದೆ ಗಳಿಸಿದ್ದ ಆ ಟವೆಲಿಗೆ ಅಂದು ಒದಗಿದ ಗತಿಯನ್ನು ವಿವರಿಸುವುದಿಲ್ಲ.

ಯಾರೋ ಬೆನ್ನು ನೀವಿದರು. ಒಂದು ಕ್ಷಣ ಸರೋಜಳೇ ಅಂದುಕೊಂಡೆ. ಕೊಡೆಯ ಅಜ್ಜ! ಖಾಲಿಯಾದ ಸೀಟಿನಲ್ಲಿ ಕೂತು "ಪೋಲೆ, ಪೋಲೆ" ಎನ್ನುತ್ತಾ ದಡ ಬರುವವರೆಗೂ ನೀವಿದ. ಅವನನ್ನು ನಿಲ್ಲಿಸಿದ ಪಾಪಕ್ಕೆ ನನಗೆ ಅಳು ಬಂತು. ನಿಜ ಹೇಳಬೇಕೆಂದರೆ ಅಳು ಅದಕ್ಕೊಂದೇ ಬಂದದ್ದಲ್ಲ.

ದಾರ್ ಎಸ್ ಸಲಾಮಿನಲ್ಲಿ ಇಳಿದ ತಕ್ಷಣ ಮಂಜುಗೆ ಫೋನ್ ಮಾಡಿದೆ.

"ಹೇಳಿ ಅಂಕಲ್! ಸಾರಕ್ಕಿ ಸಿಗ್ನಲಲ್ಲಿದೀನಿ. ಆಂಟಿ ಎಲ್ಲಿ?"

"ದ್ವೀಪದಲ್ಲಿ."

"ನೀವು?"

"ಆಫ್ರಿಕಾದಲ್ಲಿ."

ಹಾರನ್ನುಗಳ ನಡುವೆ ಅವನು ಗಾಡಿ ಪಕ್ಕಕ್ಕೆ ಹಾಕಿದ್ದು ಕೇಳಿಸಿತು. ಆಮೇಲೆ ಅವನು ನಿಧಾನವಾಗಿ, ಜಾತ್ರೆಯಲ್ಲಿ ತಪ್ಪಿಸಿಕೊಂಡ ಮಗುವಿಗೆ ಹೇಳುವಂತೆ ಹೇಳಿದ: "ಅಂಕಲ್, ಗಾಬ್ರಿ ಆಗ್ಬೇಡಿ. ಎಲ್ಲೂ ಹೋಗ್ಬೇಡಿ. ನಿಂತಲ್ಲೇ ನಿಂತಿರಿ. ಆಂಟಿ ಬಂದು ಕರ್ಕೊಂಡ್ ಹೋಗ್ತಾರೆ."

ನಿಂತಲ್ಲೇ ನಿಂತೆ. ಬಿಸಿಲು ಏರಿತು. ಜೋಡಿಜೋಡಿಯಾಗಿ ಜನ ಬಂದರು, ಹೋದರು. ಯಾರೂ ನನ್ನ ಕಡೆ ತಿರುಗಿ ನೋಡಲಿಲ್ಲ. ನಮ್ಮೂರಿನಲ್ಲಿ ಹತ್ತು ಹೆಜ್ಜೆ ಹಾಕಿದರೆ ಮೂರು ಜನ "ಏನಣ್ಣ, ಊಟ ಆಯ್ತಾ" ಅನ್ನುತ್ತಾರೆ. ಇಲ್ಲಿ ಇಡೀ ಪಟ್ಟಣದಲ್ಲಿ ನನ್ನನ್ನು ಬಲ್ಲವರು ಒಬ್ಬರೂ ಇಲ್ಲ. ಬಲ್ಲವಳನ್ನು ನಾನೇ ಬಿಟ್ಟು ಬಂದಿದ್ದೆ. ಮುಂದಿನ ಹಡಗಿನಲ್ಲಿ ಅವಳು ಬರದಿದ್ದರೆ ಏನು ಮಾಡುವುದೆಂದು ಯೋಚಿಸಲೂ ಧೈರ್ಯ ಬರಲಿಲ್ಲ. ಮೂರು ಗಂಟೆ ಅದೇ ಜಾಗದಲ್ಲಿ ಕಳೆದೆ.

ಹಡಗು ಬಂತು. ಸರೋಜ ಬಂದಳು!

ಒಬ್ಬಳೇ ಬರಲಿಲ್ಲ. ಬಣ್ಣಬಣ್ಣದ ವಸ್ತ್ರ ಹೊದ್ದ ಐದಾರು ಹೆಂಗಸರು ಅವಳ ಸುತ್ತ ಇದ್ದರು. ಸೂಟ್‌ಕೇಸುಗಳು ಅವರ ತಲೆಯ ಮೇಲಿದ್ದವು. ನಾನು "ಸರೋಜಾ!" ಎಂದು ಕೂಗುತ್ತಾ ಓಡಿದೆ. ಅವರಲ್ಲಿ ದಪ್ಪಗಿದ್ದ ಹೆಂಗಸು ಸೊಂಟಕ್ಕೆ ಕೈ ಇಟ್ಟು ನನ್ನನ್ನು ಅಡ್ಡಗಟ್ಟಿ ಬೈಯಲು ಶುರು ಮಾಡಿದಳು. ಒಂದು ಪದವೂ ತಿಳಿಯಲಿಲ್ಲ, ಅರ್ಥ ಮಾತ್ರ ಒಂದೂ ತಪ್ಪಲಿಲ್ಲ. ನಾನು ಕೈಮುಗಿದು ನಿಂತೆ. ಅವಳು ಸರೋಜಳನ್ನು ತಬ್ಬಿಕೊಂಡು, ನನ್ನ ಕಡೆ ಕೊನೆಯದಾಗಿ ಒಮ್ಮೆ ಕೆಕ್ಕರಿಸಿ ಹೋದಳು.

ಅಲ್ಲಿಯೂ ನಮ್ಮಂಥದ್ದೇ ಆಟೋಗಳಿವೆ. ಒಂದನ್ನು ಹತ್ತಿದೆವು.

"ಯಾಕೆ ಬೈದಳು ಆವಮ್ಮ?"

"ಗಂಡ ನಿನ್ನ ಬಿಟ್ಟು ಹೋದ್ನಾ ಅಂತ ಸನ್ನೆ ಮಾಡಿ ಕೇಳಿದ್ರು. ಹೂಂ ಅಂದೆ."

"ಹೂಂ ಅಂದ್ಯಾ!"

"ಬಿಟ್ ಹೋಗಿದ್ದು ನಿಜ ತಾನೆ? ಪಾಪ, ಆ ಟಿಕೆಟ್ ಹರ್ದೋನು ವಾಪಸ್ ಬಂದ. ಎರಡು ಟಿಕೆಟ್ ಕೊಟ್ಟು ಒಬ್ಬನೇ ಓಡಿದ ಅಂತ ಆಫೀಸಲ್ಲಿ ಅವ್ನೇ ಸಾಕ್ಷಿ ಹೇಳ್ದ. ಮುಂದಿನ ಹಡಗಿಗೆ ಹತ್ತಿಸ್ತೀವಿ ಅಂತ ಅಲ್ಲೇ ಕೂರ್ಸಿದ್ರು. ಟೀ ಕೊಟ್ರು."

"ಪಾಸ್‌ಪೋರ್ಟ್ ಕೇಳ್ಲಿಲ್ವಾ?"

"ಹೊರಡೋ ಹಿಂದಿನ ದಿನ ಮೂಲೆ ಅಂಗಡೀಲಿ ಜೆರಾಕ್ಸ್ ಮಾಡಿಸ್ಕೊಂಡಿದ್ದೆ. ತೋರಿಸ್ದೆ."

"ನಂಗೆ ಹೇಳ್ಲೇ ಇಲ್ಲ?"

"ಹೇಳಿದ್ರೆ ಅದನ್ನೂ ನಿಮ್ ಪೌಚಿಗೇ ಹಾಕ್ಕೋತಿದ್ರಿ."

ಅವಳ ಮುಖ ನೋಡಿದೆ. ಗಾಳಿಗೆ ಕೂದಲು ಕೆದರಿತ್ತು, ಕೆನ್ನೆ ಕೆಂಪಾಗಿತ್ತು. ಆ ಹೆಂಗಸರು ಕಿತ್ತಳೆಹಣ್ಣು ಬಿಡಿಸಿ ಕೊಟ್ಟರಂತೆ, ಇವಳು ಅದಕ್ಕೆ ಚಟ್ನಿಪುಡಿ ಹಾಕಿ ಕೊಟ್ಟಳಂತೆ, ಎಲ್ಲರೂ ನಕ್ಕರಂತೆ. ಹಡಗಿನ ತುದಿಯಲ್ಲಿ ಕಂಬಿ ಹಿಡಿದು ನಿಂತೇ ಬಂದಳಂತೆ. ಮೂವತ್ತೊಂದು ವರ್ಷದಲ್ಲಿ ಅವಳು ನಿಂತು ಪ್ರಯಾಣ ಮಾಡಿದ್ದು ಅದೇ ಮೊದಲು. ಅಷ್ಟು ಗೆಲುವಾದ ಮುಖವನ್ನು ನಾನು ಐದು ದಿನದ ದ್ವೀಪದಲ್ಲೂ ಕಂಡಿರಲಿಲ್ಲ.

ಕೇಳಬಾರದಿತ್ತು, ಕೇಳಿದೆ. "ಅಲ್ವೇ, ಅಷ್ಟು ಹೊತ್ತು ನನ್ನ ನೆನಪು ಆಗ್ಲೇ ಇಲ್ವಾ?"

ಸರೋಜ ಸುಳ್ಳು ಹೇಳುವವಳಲ್ಲ. ಕೆದರಿದ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡಳು.

"ಆಗ್ದೆ ಏನು? ಆಯ್ತು," ಅಂದಳು. "ದಡ ಕಾಣಿಸ್ತಲ್ಲ, ಆಗ."